ದೂರದ ಜ್ವಾಲಾಮುಖಿ, ನಮ್ಮ ವಾಯು

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿಯು ಉಗುಳಿದ ಬೂದಿಯೂ ಸಲ್ಫರ್ ಡೈಆಕ್ಸೈಡ್ ಅನಿಲವೂ ಸುಮಾರು 14 ಕಿಲೋಮೀಟರ್ ಎತ್ತರಕ್ಕೇರಿ, ಕೆಂಪು ಸಮುದ್ರ, ಅರಬ್ಬೀ ಸಮುದ್ರಗಳನ್ನು ದಾಟಿ, ಮರುದಿನ ರಾತ್ರಿಯೇ ಉತ್ತರ ಭಾರತದ ಆಕಾಶವನ್ನು ವ್ಯಾಪಿಸಿದುದು ಆಂಧ್ರಪ್ರದೇಶದ ಗಡಿಯ ರಾಯದುರ್ಗ, ಮಡಕಶಿರೆಗಳ ಜನರಿಗೂ ಚಿಂತನಾರ್ಹವಾದ ವಿಷಯ. ದೂರವೆಂಬುದು ರಕ್ಷೆಯಲ್ಲ; 1883ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿಯು ಸಿಡಿದ ಕೆಲವೇ ವಾರಗಳಲ್ಲಿ, ಈ ಎರಡು ಊರುಗಳೂ ಅಂದು ಸೇರಿದ್ದ ಮದರಾಸು ಪ್ರಾಂತದಲ್ಲಿ, ಸೂರ್ಯನು ಹಸುರಾಗಿ ಕಂಡನು.

ಇಂತಹ ಮೇಘದ ಪಥವನ್ನು ಮುಂಗಾಣಲು ವಿಜ್ಞಾನಿಗಳು ಅನಿಲದ ಪ್ರಮಾಣವನ್ನೂ ಎತ್ತರವನ್ನೂ ಉಪಗ್ರಹಗಳಿಂದ ಅಳೆದು, ವಾಯುಪ್ರವಾಹದ ಲೆಕ್ಕದೊಡನೆ ಕೂಡಿಸಿ, ಆ ಅನಿಲವು ಸಲ್ಫೇಟ್ ಕಣಗಳಾಗಿ ಪರಿಣಮಿಸುವುದನ್ನೂ ಮಳೆಯಲ್ಲಿ ತೊಳೆದುಹೋಗುವುದನ್ನೂ ಗಣಕಯಂತ್ರದಲ್ಲಿ ಗಣಿಸುತ್ತಾರೆ. ಎತ್ತರದ ಅಂದಾಜು ತಪ್ಪಿದರೆ ಪಥವೂ ತಪ್ಪುವುದು. ಮೇಲೆಯೇ ಸಾಗುವ ಬೂದಿ ವಿಮಾನಗಳಿಗೆ ಅಪಾಯಕರವಾದರೆ, ನೆಲಕ್ಕಿಳಿದ ಅನಿಲವು ಶ್ವಾಸಕೋಶಕ್ಕೆ ಹಾನಿಕರ.

ಹಗರಿ ನದಿಯ ಮರಳು ಗಾಳಿಯೊಡನೆ ಹೊಲಗಳನ್ನು ಆಕ್ರಮಿಸುವ ಕಣೇಕಲ್ಲು ಸೀಮೆಯ ರೈತರಿಗೂ ಇಂತಹುದೇ ಗಣಿತವು ಉಪಕರಿಸಬಲ್ಲುದು. ಇಂತಹ ಲೆಕ್ಕಕ್ಕೆ ನೆಲದ ಅಳತೆಯೂ ಬೇಕಾದುದರಿಂದ ನೆಲಮಟ್ಟದ ವಾಯುಮಾಪನವನ್ನು ಮಹಾನಗರಗಳಿಗಷ್ಟೇ ಮೀಸಲಿಡದೆ ಗಡಿಸೀಮೆಯ ತಾಲ್ಲೂಕುಗಳಿಗೂ ವಿಸ್ತರಿಸಿ, ಮುನ್ಸೂಚನೆಗಳನ್ನು ತೆಲುಗಿನೊಡನೆ ಕನ್ನಡದಲ್ಲಿಯೂ ಪ್ರಕಟಿಸುವುದು ಸರಕಾರದ ಕರ್ತವ್ಯವೆಂದು ನಾವು ಭಾವಿಸುತ್ತೇವೆ.