ಬಾಡಿಗೆಯ ಮನೆಯೂ ಪುನರ್ವಸು ಮಳೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನುಡಿದ ನಮ್ಮ ಹಿರಿಯರು, ಬಾಡಿಗೆಗೆ ಕೊಡುವುದಕ್ಕಾಗಿಯೇ ಮನೆ ಕೊಂಡು ನೋಡು ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಅದರ ಅಗತ್ಯವೂ ಆಗ ಇರಲಿಲ್ಲ. ಮಲೆನಾಡಿನವನ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅದು ತೋಟಕ್ಕೆ ಹೋಗುತ್ತಿತ್ತು. ಇಲ್ಲವೆ ಮಗಳ ಕೊರಳಿಗೆ. ಇಂದು ಕಾಲ ಬೇರೆ. 2024-25ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಸಣ್ಣ ಬೆಳೆಗಾರರೂ, ನಿವೃತ್ತಿಯ ಇಡಿಗಂಟು ಕೈಸೇರಿದ ಉಪಾಧ್ಯಾಯರೂ ಕೇಳುವ ಪ್ರಶ್ನೆ ಒಂದೇ: “ಪೇಟೆಯಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಹೇಗೆ?” ಜೀವಮಾನದ ಗಳಿಕೆಯನ್ನು ಒಂದೇ ಸಲಕ್ಕೆ ನಾಲ್ಕು ಗೋಡೆಗಳೊಳಗೆ ಇಡುವ ಮಾತು ಇದು. ಆದುದರಿಂದ ಉತ್ತರವನ್ನು ಸಾವಧಾನವಾಗಿಯೇ ಹುಡುಕಬೇಕು.

ಮೊದಲು ಲೆಕ್ಕ. ಉದಾಹರಣೆಗಾಗಿ ಮನೆಯ ಬೆಲೆ 40 ಲಕ್ಷ ರೂಪಾಯಿ, ತಿಂಗಳ ಬಾಡಿಗೆ 10,000 ಎಂದಿಟ್ಟುಕೊಳ್ಳೋಣ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. ನೂರಕ್ಕೆ 5ರಂತೆ ಮುದ್ರಾಂಕ ಶುಲ್ಕವನ್ನೂ ಅದರ ಮೇಲಣ ಕರಗಳನ್ನೂ ಕೂಡಿಸಿದರೆ ಕ್ರಯಪತ್ರವೊಂದಕ್ಕೇ ಸುಮಾರು 3 ಲಕ್ಷ ಬೇಕು. ವರ್ಷದ ಬಾಡಿಗೆ 1,20,000. ಒಂದು ತಿಂಗಳು ಮನೆ ಖಾಲಿ ಬಿದ್ದಿತು, ಸುಣ್ಣಬಣ್ಣವಾಯಿತು, ಸೋರುವ ಮಾಡಿನ ರಿಪೇರಿಯಾಯಿತು, ನಗರಸಭೆಯ ಕಂದಾಯ ಕಟ್ಟಿಯಾಯಿತು ಎಂದರೆ 90,000 ಉಳಿದರೂ ಪುಣ್ಯವೇ. 43 ಲಕ್ಷಕ್ಕೆ 90,000 ಎಂದರೆ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ! ಬ್ಯಾಂಕಿನಲ್ಲಿ ಸುಮ್ಮನೆ ಕುಳಿತ ಠೇವಣಿಯೂ ಇದಕ್ಕಿಂತ ಹೆಚ್ಚು ತರುತ್ತದೆ.

ಸಾಲ ಮಾಡಿ ಕೊಳ್ಳುವವರ ಲೆಕ್ಕ ಇನ್ನೂ ಕಠಿನ. 30 ಲಕ್ಷದ ಸಾಲವನ್ನು ನೂರಕ್ಕೆ 8.5ರ ಬಡ್ಡಿಯಲ್ಲಿ 20 ವರ್ಷ ತೀರಿಸುವುದಾದರೆ ತಿಂಗಳ ಕಂತು ಸುಮಾರು 26,000. ಹತ್ತು ಸಾವಿರ ಬಾಡಿಗೆ ಬಂದರೂ ಮಿಕ್ಕ ಹದಿನಾರು ಸಾವಿರ ಸ್ವಂತ ಜೇಬಿನಿಂದ ಹೋಗಬೇಕು. ಮನೆಯ ಲಾಭವೆಲ್ಲ ಬೆಲೆ ಏರುವುದರಲ್ಲಿದೆ. ಅದು ಏರುವವರೆಗೆ ಕಾಯಬಲ್ಲವನಿಗೆ ಮಾತ್ರ ಇದು ತಕ್ಕ ದಾರಿ. ಮಗಳ ಮದುವೆಗೋ ಮಗನ ಓದಿಗೋ ಮೂರು ವರ್ಷದಲ್ಲಿ ಬೇಕಾಗುವ ಹಣವನ್ನು ಇಟ್ಟಿಗೆಯಲ್ಲಿ ಹುಗಿಯುವುದು ವಿವೇಕವಲ್ಲ.

ಎರಡನೆಯದು, ಎಂಥ ಬಾಡಿಗೆದಾರ ಎಂಬ ವಿಚಾರ. ಕಾಫಿ ಮಂಡಳಿಯ ಸಂಗ್ರಹ ಪದ್ಧತಿ 1996ರಲ್ಲಿ ಸಂಪೂರ್ಣವಾಗಿ ಕೊನೆಗೊಂಡು, ಕೆಲವೇ ವರ್ಷಗಳಲ್ಲಿ, 2001ರ ಹೊತ್ತಿಗೆ, ಲೋಕದ ಪೇಟೆಯಲ್ಲಿ ಧಾರಣೆ ಕುಸಿದು ಬಿದ್ದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥ ವರ್ಷಗಳಲ್ಲಿ ಬೆಳೆಗಾರನ ಕೈ ಮಾತ್ರ ಬರಿದಾಗುವುದಿಲ್ಲ. ಅಂಗಡಿ, ಗ್ಯಾರೇಜು, ಲಾರಿ, ಎಲ್ಲವೂ ಮಂಕಾಗುತ್ತವೆ. ಕಾಫಿಯ ಹಣವನ್ನು ಕಾಫಿಯ ಊರಿನ ಮನೆಗೆ ಹಾಕಿದವನು ಬೇರೆ ಬುಟ್ಟಿಯಲ್ಲಿ ಇಟ್ಟೆನೆಂದು ತಿಳಿದರೂ ಅದು ಒಂದೇ ಮರದ ಎರಡನೆಯ ಕೊಂಬೆ. ಆದುದರಿಂದ ಧಾರಣೆಯ ಹಂಗಿಲ್ಲದೆ ತಿಂಗಳ ಸಂಬಳ ಬರುವವರ ನೆರೆಯಲ್ಲಿ ಮನೆ ನೋಡಬೇಕು. ಚಿಕ್ಕಮಗಳೂರಿನಲ್ಲಿ ತಾಂತ್ರಿಕ ಮಹಾವಿದ್ಯಾಲಯ, ಈಚಿನ ವೈದ್ಯಕೀಯ ಮಹಾವಿದ್ಯಾಲಯ, ಜಿಲ್ಲಾ ಕಚೇರಿಗಳು ಉಂಟು. ಮೂಡಿಗೆರೆಯಲ್ಲಿ ತೋಟಗಾರಿಕೆಯ ಮಹಾವಿದ್ಯಾಲಯ ಉಂಟು. ಕಳಸವೂ ಈಗ ತಾಲ್ಲೂಕು ಕೇಂದ್ರ.

ಮೂರನೆಯದು ಮಳೆ. ದಲ್ಲಾಳಿಯು ಮನೆಯನ್ನು ತೋರಿಸುವುದು ಮಾಘ ಫಾಲ್ಗುಣಗಳ ಬಿಸಿಲಿನಲ್ಲಿ. ಆಗ ಯಾವ ಗೋಡೆಯೂ ಬೆವರುವುದಿಲ್ಲ. ಮಲೆನಾಡಿನ ಮನೆಯನ್ನು ಪುನರ್ವಸು, ಪುಷ್ಯ ಮಳೆಗಳು ಹಿಡಿದಾಗ ಹೋಗಿ ನೋಡಬೇಕು. ತಾರಸಿಯ ಮೇಲೆ ತಗಡಿನ ಮಾಡು ಹೊದಿಸಿದ್ದಾರೆಯೆ, ಹಿಂದಿನ ಧರೆಯನ್ನು ನೆಟ್ಟಗೆ ಕಡಿದು ಮನೆ ಇಟ್ಟಿದ್ದಾರೆಯೆ, ನೀರಿಗೆ ಹರಿದುಹೋಗುವ ದಾರಿ ಇದೆಯೆ ಎಂಬುದು ಆಗ ತಾನೇ ತಿಳಿಯುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆಮಠಗಳು ಹೋದುವು. ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತು. ಕಡಿದ ಧರೆಯ ಕೆಳಗಣ ಮನೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಅದು ಅಗ್ಗವಲ್ಲ.

ನಾಲ್ಕನೆಯದು ಕಾಗದಪತ್ರ. ತೋಟದ ಅಂಚನ್ನು ಕತ್ತರಿಸಿ ನಿವೇಶನಗಳೆಂದು ಮಾರುವುದು ನಮ್ಮ ಕಡೆ ಸಾಮಾನ್ಯ. ಆ ಜಮೀನು 1964ರ ಭೂಕಂದಾಯ ಕಾಯಿದೆಯ ಮೇರೆಗೆ ವಸತಿಗಾಗಿ ಪರಿವರ್ತನೆಯಾಗಿದೆಯೆ? ಇ-ಖಾತೆ ಇದೆಯೆ? ಮೂವತ್ತು ವರ್ಷದ ಋಣಭಾರ ಪತ್ರ ಏನು ಹೇಳುತ್ತದೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ನೆಲವನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದು 1978ರ ಕಾಯಿದೆಯಂತೆ ಊರ್ಜಿತವಲ್ಲ. 2023ರ ತಿದ್ದುಪಡಿಯು ಅಂಥ ನೆಲವನ್ನು ಮರಳಿ ಕೇಳುವುದಕ್ಕೆ ಕಾಲಮಿತಿಯಿಲ್ಲವೆಂದಿರುವುದರಿಂದ ಹಳೆಯ ವ್ಯವಹಾರವೆಂದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ. ಸರ್ವೆ ನಂಬರು ಅರಣ್ಯ ಕಾಯಿದೆಯ ನಾಲ್ಕನೆಯ ಪ್ರಕರಣದ ಅಧಿಸೂಚನೆಯೊಳಗೆ ಸೇರಿದೆಯೆ ಎಂಬುದನ್ನೂ ವಿಚಾರಿಸತಕ್ಕದ್ದು. ಮಾರುವವನ ವಕೀಲನನ್ನೇ ನೆಚ್ಚದೆ ತಮ್ಮದೇ ವಕೀಲರೊಬ್ಬರಿಗೆ ಕೊಡುವ ಶುಲ್ಕ ಈ ವ್ಯವಹಾರದಲ್ಲಿ ಎಲ್ಲಕ್ಕಿಂತ ಸಾರ್ಥಕವಾದ ಖರ್ಚು.

ಐದನೆಯದು ಕರಾರು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಬಾಡಿಗೆ ಕಾಯಿದೆಯು, ಪ್ರದೇಶವನ್ನನುಸರಿಸಿ, ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಮನೆಗಳನ್ನು ತನ್ನ ಎಲ್ಲೆಯಿಂದ ಹೊರಗೇ ಬಿಟ್ಟಿತು. ಹೀಗಾಗಿ ಹೆಚ್ಚಿನ ಮನೆಗಳಿಗೆ ಇಂದಿಗೂ ಆಧಾರ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾದುದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಕೊನೆಗಾಣಿಸಲು ಹದಿನೈದು ದಿನದ ನೋಟೀಸು ಸಾಕು. ಆದರೆ ಅದೇ ಕಾಯಿದೆಯು ಮನೆಯ ಒಡೆಯನ ಮೇಲೂ ಒಂದು ಹೊಣೆ ಹೊರಿಸಿದೆ: ಮೇಲುನೋಟಕ್ಕೆ ಕಾಣದ ದೊಡ್ಡ ದೋಷ ತನಗೆ ತಿಳಿದಿದ್ದರೆ ಅದನ್ನು ಬಾಡಿಗೆದಾರನಿಗೆ ಹೇಳಬೇಕು. ಹೊಸ ಬಣ್ಣದಿಂದ ಗೋಡೆಯ ಸೋರಿಕೆಯನ್ನು ಮರೆಸುವವರು ಇದನ್ನು ನೆನೆಯುವುದು ಒಳ್ಳೆಯದು. ಮುಂಗಡದ ಮೊತ್ತ, ಅದನ್ನು ಹಿಂದಿರುಗಿಸುವ ದಿನ, ಸುಣ್ಣಬಣ್ಣದ ಖರ್ಚು ಯಾರದೆಂಬುದು, ಮೂರೂ ಬರೆಹದಲ್ಲಿರಲಿ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು, “ಈ ರಗಳೆಯೇ ಬೇಡ, ಹೋಂಸ್ಟೇ ಮಾಡಿಬಿಡೋಣ” ಎನ್ನುವುದುಂಟು. ವಾರಾಂತ್ಯದ ಎರಡು ರಾತ್ರಿ ತಿಂಗಳ ಬಾಡಿಗೆಯನ್ನು ಮೀರಿಸಬಹುದೆಂಬ ಆಸೆ ಸಹಜ. ಆದರೆ ಅದು ಮನೆ ಬಾಡಿಗೆಯಲ್ಲ, ಅತಿಥಿಗೃಹದ ಉದ್ಯೋಗ. ಅಲ್ಲಿ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಅಡಿಗೆಯವರು ಬೇಕು, ಹಗಲಿರುಳು ಆಳು ಬೇಕು. 2020ರಲ್ಲಿ ಸೋಂಕಿನ ಭಯದಿಂದ ದೇಶವೇ ಬಾಗಿಲು ಹಾಕಿದಾಗ ಪ್ರವಾಸಿಗರು ಬರುವುದು ನಿಂತುಹೋಯಿತು. ಸಂಸಾರವಂದಿಗ ಬಾಡಿಗೆದಾರನಿಗೋ ಆಗಲೂ ಮನೆ ಬೇಕೇ ಆಗಿತ್ತು.

ಇನ್ನೊಂದು ಮಾತು ಲೆಕ್ಕದ ಹೊರಗಿನದು. ಊರಿನ ಮನೆಗಳೆಲ್ಲ ಬೆಂಗಳೂರಿನಿಂದ ಬರುವ ಎರಡು ದಿನದ ಅತಿಥಿಗಳಿಗೆ ಮೀಸಲಾದರೆ ಕಳಸದ ಆಸ್ಪತ್ರೆಗೆ ವರ್ಗವಾಗಿ ಬಂದ ದಾದಿ ಎಲ್ಲಿ ಇರಬೇಕು? ಮನೆ ಸಿಕ್ಕದ ಉಪಾಧ್ಯಾಯ ಆರು ತಿಂಗಳಲ್ಲಿ ಬೇರೆಡೆಗೆ ವರ್ಗ ಮಾಡಿಸಿಕೊಳ್ಳುತ್ತಾನೆ. ನಷ್ಟ ನಮ್ಮ ಮಕ್ಕಳಿಗೇ. ಬಾಗಿಲಲ್ಲಿ ನಿಂತವರ ಕೆಲಸವೇನು, ಎಷ್ಟು ಜನ ಎಂದು ಕೇಳುವುದು ನ್ಯಾಯ. ಜಾತಿ ಯಾವುದೆಂದು ಕೇಳಿ ಬಾಗಿಲು ಮುಚ್ಚುವುದು ಅನ್ಯಾಯವಷ್ಟೇ ಅಲ್ಲ, ಅವಿವೇಕ ಕೂಡ. ಹೊತ್ತಿಗೆ ಸರಿಯಾಗಿ ಬಾಡಿಗೆ ತರುವ ಗುಣ ಯಾವ ಕುಲದ ಸೊತ್ತೂ ಅಲ್ಲ.

ಆದುದರಿಂದ ಓದುಗರೆ, ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಸಾಲ ಕಡಮೆಯಿರಲಿ, ಕಾಗದ ಶುದ್ಧವಾಗಿರಲಿ, ಹತ್ತು ವರ್ಷ ಕಾಯುವ ತಾಳ್ಮೆಯಿರಲಿ. ಆರು ತಿಂಗಳ ಬಾಡಿಗೆಯಷ್ಟು ಹಣ ರಿಪೇರಿಗೆಂದು ಬೇರೆಯೇ ಇರಲಿ. ಮುಂಗಡ ಕೊಡುವ ಮುನ್ನ ಒಂದು ಮಳೆಗಾಲ ಕಾಯುವುದಾದರೆ ಇನ್ನೂ ಲೇಸು. ಆ ಮನೆ ಅಷ್ಟರಲ್ಲಿ ಕೈತಪ್ಪಿ ಹೋದರೆ ಬೇರೊಂದು ಸಿಕ್ಕೀತು. ಕೈತಪ್ಪಿದ ಇಡಿಗಂಟು ಮತ್ತೆ ಸಿಕ್ಕುವುದಿಲ್ಲ.