ಹಾಲಿಗೆ ತೆರಿಗೆಯಿಲ್ಲ, ಲೆಕ್ಕವಿದೆ

2025ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಮತ್ತು ಹಾಲಿನ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಕಾಣಿಸಿಕೊಂಡಿತು. ಯುಪಿಐ ಮೂಲಕ ಸಂದಾಯವಾದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಕೈಯಲ್ಲಿ ಉಳಿಯುವುದೇ ಅಷ್ಟಿಷ್ಟು, ಲಕ್ಷಗಟ್ಟಲೆ ತೆರಿಗೆ ಎಲ್ಲಿಂದ ತರುವುದು ಎಂಬುದು ಅವರ ಅಳಲು.

ಅಳಲು ನಿಜ. ಆದರೆ ಜಿಎಸ್‌ಟಿ ನೋಂದಣಿಗೆ ಕಾನೂನು ನೋಡುವುದು ಲಾಭವನ್ನಲ್ಲ, ವಹಿವಾಟನ್ನು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ಸರಕು ಮಾತ್ರ ಮಾರುವವರ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಕರ್ನಾಟಕದಲ್ಲಿ ನೋಂದಣಿ ಕಡ್ಡಾಯ. ಹೋಟೆಲು, ಟೈಲರಿಂಗ್, ರಿಪೇರಿಯಂಥ ಸೇವೆಗಳಿಗೆ ಮಿತಿ 20 ಲಕ್ಷ. ಬೀಡಿ-ಸಿಗರೇಟು, ಪಾನ್ ಮಸಾಲ, ಐಸ್‌ಕ್ರೀಂ ಮಾರುವ ಅಂಗಡಿಗೂ 20 ಲಕ್ಷವೇ. ಇದು ಬಹಳ ಮಂದಿಗೆ ತಿಳಿಯದು. ಮಿತಿ ದಾಟಿದ 30 ದಿನಗಳೊಳಗೆ ಅರ್ಜಿ ಹಾಕಬೇಕು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಅಂಗಡಿಯಲ್ಲಿ ದಿನಕ್ಕೆ 7,000 ರೂಪಾಯಿಯ ಹಾಲು, 5,000 ರೂಪಾಯಿಯ ಬಿಸ್ಕತ್ತು, ಸೋಪು ಮುಂತಾದವು ಮಾರಾಟವಾಗುತ್ತವೆ ಎನ್ನೋಣ. ವರ್ಷಕ್ಕೆ 43,80,000 ರೂಪಾಯಿ! ಹಾಲಿಗೆ ತೆರಿಗೆಯಿಲ್ಲ, ನಿಜ. ಆದರೂ ಮಿತಿ ದಾಟಿತೇ ಎಂದು ನೋಡುವಾಗ ಅದನ್ನೂ ಕೂಡಿಸಬೇಕು. ಬರೀ ಹಾಲನ್ನೋ ತಾಜಾ ತರಕಾರಿಯನ್ನೋ ಮಾರುವವರು ಎಷ್ಟೇ ಮಾರಲಿ, ನೋಂದಣಿ ಬೇಕಿಲ್ಲ. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟೊಡನೆ ಲೆಕ್ಕವೇ ಬೇರೆ.

ತೆರಿಗೆ ಬೀಳುವುದು ಮಾತ್ರ ಉಳಿದ 18,25,000 ರೂಪಾಯಿಯ ಮೇಲೆ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಎಂಬ ಸುಲಭ ದಾರಿಯಿದೆ: ಶೇಕಡಾ 1. ಈ ಅಂಗಡಿಗೆ ವರ್ಷಕ್ಕೆ 18,250 ರೂಪಾಯಿ, ದಿನಕ್ಕೆ ಐವತ್ತು. ಹೊರೆಯೇನಲ್ಲ. ಆದರೆ ಅದನ್ನು ಮೊದಲೇ ಕೇಳಿ ಪಡೆಯಬೇಕು. ನೋಂದಣಿಯಿಲ್ಲದೆ ಕಳೆದ ವರ್ಷಗಳಿಗೆ ಆ ರಿಯಾಯಿತಿ ಸಿಗದು. ಪೂರ್ಣ ದರ, ಬಡ್ಡಿ, ದಂಡ ಎಲ್ಲ ಸೇರಿ ಬೆಳೆಯುತ್ತದೆ. ನೋಟಿಸಿನ ಮೊತ್ತಗಳು ಎದೆ ನಡುಗಿಸಿದ್ದು ಹೀಗೆ. ಇಲಾಖೆಯೂ ಬೇಗನೆ ತಿಳಿಹೇಳಿದ್ದರೆ ಇಷ್ಟು ಗೊಂದಲವಾಗುತ್ತಿರಲಿಲ್ಲ. ಜುಲೈ 23ರಂದು ವ್ಯಾಪಾರಿಗಳೊಡನೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೆಯ ಬಾಕಿ ವಸೂಲಿ ಇಲ್ಲ, ಆದರೆ ನೋಂದಣಿ ಮಾಡಿಸಲೇಬೇಕು ಎಂದರು. ಫಲಕ ಕಿತ್ತು ನಗದು ತೆಗೆದುಕೊಂಡರೂ ವಹಿವಾಟು ವಹಿವಾಟೇ.

ಗ್ರಾಹಕರೂ ಬಿಲ್ಲನ್ನು ಗಮನಿಸಬೇಕು. ನೋಂದಣಿಯಿಲ್ಲದವರು, ರಾಜಿ ತೆರಿಗೆ ಕಟ್ಟುವವರು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ತೆರಿಗೆ ಹಾಕಿದ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಸಂಖ್ಯೆ ಇರಲೇಬೇಕು. ಕರ್ನಾಟಕದ್ದಾದರೆ ಅದು 29ರಿಂದ ಆರಂಭವಾಗುತ್ತದೆ.