ಯಾವ ಪಟ್ಟಿಯ ಅಜ್ಜಿ?

ಒಂದೇ ಬೀದಿಯ ಎದುರುಬದುರು ಮನೆಗಳಲ್ಲಿ ಇಬ್ಬರು ಅಜ್ಜಿಯರಿದ್ದಾರೆ ಅಂದುಕೊಳ್ಳಿ. ಇಬ್ಬರಿಗೂ ಎಪ್ಪತ್ತು ದಾಟಿದೆ, ಇಬ್ಬರ ಬಳಿಯೂ ಬಿಪಿಎಲ್ ಕಾರ್ಡಿದೆ, ಇಬ್ಬರಿಗೂ ಮಾಸಾಶನ ತಂದುಕೊಡುವುದು ಒಬ್ಬನೇ ಅಂಚೆಯಣ್ಣ. 2020ರ ಲಾಕ್‌ಡೌನ್‌ನಲ್ಲಿ ಒಬ್ಬರಿಗೆ ಕೇಂದ್ರದ ಸಾವಿರ ರೂಪಾಯಿ ಸಂದಿತು, ಇನ್ನೊಬ್ಬರಿಗೆ ಇಲ್ಲ. ಮೊದಲನೆಯವರ ಹೆಸರು ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದ ಪಟ್ಟಿಯಲ್ಲಿತ್ತು, ಎರಡನೆಯವರದು ಸಂಧ್ಯಾ ಸುರಕ್ಷಾದಲ್ಲಿ. ಅದು ಕೇಂದ್ರದ ನೆರವಿನ ಯೋಜನೆ, ಇದು 2007ರಲ್ಲಿ ರಾಜ್ಯ ಸರ್ಕಾರ ತಂದದ್ದು. ಹಸಿವಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ!

ಆ ವರ್ಷ ಮಾರ್ಚ್ 26ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 1.70 ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ್ ಪ್ಯಾಕೇಜ್ ಪ್ರಕಟಿಸಿದರು. ಬಡ ವೃದ್ಧರು, ವಿಧವೆಯರು, ಅಂಗವಿಕಲರಿಗೆ ಮೂರು ತಿಂಗಳಿಗೆಂದು ತಲಾ ಸಾವಿರ ರೂಪಾಯಿ, ಐನೂರರ ಎರಡು ಕಂತುಗಳಲ್ಲಿ. ಭಾಗಿಸಿದರೆ ದಿನಕ್ಕೆ ಹನ್ನೊಂದು ರೂಪಾಯಿ. ಸುಮಾರು 2.8 ಕೋಟಿ ಜನರಿಗೆ ಅದು ಬೇಗನೆ ಮುಟ್ಟಿತು ಎಂಬುದನ್ನು ಒಪ್ಪಲೇಬೇಕು. ಪಟ್ಟಿ ಸಿದ್ಧವಿತ್ತು, ಹೊಸ ಅರ್ಜಿ ಬರೆಸಲಿಲ್ಲ, ನಾಡಕಚೇರಿಯ ಮುಂದೆ ಸಾಲು ನಿಲ್ಲಿಸಲಿಲ್ಲ.

ತಕರಾರಿರುವುದು ಪಟ್ಟಿಯ ಬಗ್ಗೆಯೇ. ಕೇಂದ್ರದ ಈ ಮಾಸಾಶನಗಳು ಬರುವುದು 1995ರ ಆಗಸ್ಟ್ 15ರಂದು ಶುರುವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಡಿ. ಅದರಲ್ಲಿ ಪ್ರತಿ ರಾಜ್ಯಕ್ಕೂ ಇಂತಿಷ್ಟೇ ಫಲಾನುಭವಿಗಳೆಂಬ ಮಿತಿಯಿದೆ. ಅದಕ್ಕೆ ಆಧಾರ 2001ರ ಜನಗಣತಿ. ಆಮೇಲೆ ಮುದುಕರಾದವರು, ಬಡವರಾದವರು ಎಷ್ಟೋ! ಅವರಿಗೆ ಬಾಗಿಲು ತೆರೆದದ್ದು ರಾಜ್ಯ. ಅರವತ್ತೈದು ದಾಟಿದ ಸಣ್ಣ ರೈತರು, ಕೂಲಿಗಳು, ನೇಕಾರರು, ಮೀನುಗಾರರು ಸಂಧ್ಯಾ ಸುರಕ್ಷಾಕ್ಕೆ ಬಂದರು. ಸಂಕಷ್ಟದ ದುಡ್ಡು ಹಂಚುವಾಗ ಇವರೆಲ್ಲ ಪಂಕ್ತಿಯಿಂದ ಹೊರಗೆ ಉಳಿದರು.

ಅಂಗವಿಕಲರ ಪಾಡು ಇನ್ನೂ ವಿಚಿತ್ರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಶೇ 40ರಷ್ಟು ವೈಕಲ್ಯವಿದ್ದರೆ ಸವಲತ್ತಿಗೆ ಅರ್ಹರು ಎನ್ನುತ್ತದೆ. ಕೇಂದ್ರದ ಮಾಸಾಶನ ಬೇಕಾದರೆ ಶೇ 80 ಇರಬೇಕು. ಪೋಲಿಯೊದಿಂದ ಕಾಲು ಸೊರಗಿ, ಶೇ 60ರ ಪ್ರಮಾಣಪತ್ರ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನಿಗೆ ರಾಜ್ಯದ ಹಣ ಸಿಗುತ್ತದೆ, ಕೇಂದ್ರದ್ದು ಸಿಗದು. ಲಾಕ್‌ಡೌನ್‌ನಲ್ಲಿ ಬಸ್ಸೂ ಇಲ್ಲ, ಗಿರಾಕಿಯೂ ಇಲ್ಲ, ಆ ಸಾವಿರವೂ ಇಲ್ಲ. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರ ಸಂಖ್ಯೆ 2.68 ಕೋಟಿ. ಕೇಂದ್ರದ ಅಂಗವಿಕಲ ವೇತನ ಪಡೆಯುವವರು ಹತ್ತು ಲಕ್ಷವನ್ನೂ ಮುಟ್ಟುವುದಿಲ್ಲ.

ಕಾರ್ಖಾನೆಯಲ್ಲಿ ಬೆವರು ಸುರಿಸಿ ನಿವೃತ್ತರಾದ, ನೌಕರರ ಪಿಂಚಣಿ ಯೋಜನೆಯ (ಇಪಿಎಸ್-95) ಪಿಂಚಣಿದಾರರಿಗೂ ಲಾಕ್‌ಡೌನ್‌ನ ಈ ನೆರವು ಇರಲಿಲ್ಲ. ಅವರ ಕನಿಷ್ಠ ಪಿಂಚಣಿ 2014ರಲ್ಲಿ ನಿಗದಿಯಾದ ಸಾವಿರ ರೂಪಾಯಿ. ಕೇಂದ್ರ ಸರ್ಕಾರಿ ಪಿಂಚಣಿದಾರರ ತುಟ್ಟಿಭತ್ಯೆ ತಡೆಹಿಡಿದಾಗ ಆದಷ್ಟು ಗದ್ದಲ ಇವರ ಪರವಾಗಿ ಆಗಲಿಲ್ಲ.

ಮುಂದಿನ ನೆರೆಗೋ ಬರಕ್ಕೋ ಪರಿಹಾರ ಹಂಚುವಾಗಲಾದರೂ ಕೇಂದ್ರವು ರಾಜ್ಯದ ಮಾಸಾಶನದ ಪೂರ್ತಿ ಪಟ್ಟಿಯನ್ನೇ ಆಧಾರ ಮಾಡಿಕೊಳ್ಳಲಿ. ಯೋಜನೆ ಯಾವುದಾದರೇನು, ಪರಿಹಾರ ಒಂದೇ ಇರಲಿ. ಅದು ರಾಜ್ಯದ ಯೋಜನೆ, ರಾಜ್ಯವೇ ಕೊಡಲಿ ಎಂದು ದೆಹಲಿ ಹೇಳಬಹುದು. ಆದರೆ ಅರವತ್ತರಿಂದ ಎಪ್ಪತ್ತೊಂಬತ್ತರ ವೃದ್ಧರಿಗೆ ಕೇಂದ್ರ ಕೊಡುವ ಪಾಲು ಎಷ್ಟೋ ವರ್ಷಗಳಿಂದ ತಿಂಗಳಿಗೆ 200 ರೂಪಾಯಿ. ಉಳಿದದ್ದನ್ನು ರಾಜ್ಯವೇ ಸೇರಿಸಿ ಕೊಡುತ್ತಿದೆ. ಹಾಗಿರುವಾಗ ಈ ವಾದಕ್ಕೆ ತೂಕ ಕಡಿಮೆ.

ಅಲ್ಲಿಯವರೆಗೆ ಮನೆಯ ಹಿರಿಯರ ಮಂಜೂರಾತಿ ಆದೇಶವನ್ನು ಒಮ್ಮೆ ತೆಗೆದು ನೋಡಿ. ಯಾವ ಯೋಜನೆಯೆಂದು ಅದರಲ್ಲಿ ಬರೆದಿರುತ್ತದೆ. ಪ್ರತಿ ಕಳೆದುಹೋಗಿದ್ದರೆ ನಾಡಕಚೇರಿಯಲ್ಲಿ ಕೇಳಿ. ಹೊಸದಾಗಿ ಅರ್ಜಿ ಹಾಕುವವರು ಕೇಂದ್ರದ ಯೋಜನೆಗೆ ಅರ್ಹರೇ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಮೊದಲೇ ವಿಚಾರಿಸಿ, ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.